ನಾಲ್ಕನೇ ಹೆಸರು

ಹೂವಮ್ಮ ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ಹಿತ್ತಲ ಬಾಗಿಲಿಗೆ ಬರುವಷ್ಟರಲ್ಲಿ ಅಲ್ಲಿ ಆಗಲೇ ಒಂಬತ್ತು ಬಿಂದಿಗೆಗಳು ಸಾಲಾಗಿ ನಿಂತಿದ್ದವು. ಭದ್ರಾವತಿ ಹಳೇನಗರದ ಆ ಬೀದಿಗೆ ನಲ್ಲಿ ನೀರು ಎರಡು ದಿನಕ್ಕೊಮ್ಮೆ; ಅಂದು ಸರದಿ ಇರಲಿಲ್ಲ. ಹಾಗಾಗಿ ಅಖ್ತರ್ ಬೀಯನ್ನು ಮೀಯಿಸಲು ಮನೆಮನೆಯಿಂದ ನೀರು ಬರುತ್ತಿತ್ತು. ಸುದ್ದಿ ತಿಳಿದೊಡನೆ ಊರಾಚೆಯ ಬಡಾವಣೆಯಿಂದ ಆಟೋ ಹತ್ತಿ ಬಂದಿದ್ದ ಹೂವಮ್ಮ, ಎದುರು ಮನೆಯವರ ಬಿಂದಿಗೆಗಳನ್ನೇ ಕೇಳಿ ಇಸಕೊಂಡಿದ್ದಳು.

"ಇಷ್ಟು ಸಾಕಾ ಆಯೆಷಮ್ಮ?"

ಅಖ್ತರ್ ಬೀಯ ಮಗಳು ಆಯೆಷಾ ಹಂಡೆಯ ನೀರಿಗೆ ಬೋರೆ ಎಲೆ ಬಿಡಿಸಿ ಹಾಕುತ್ತಿದ್ದಳು. "ಸಾಕು ಹೂವಕ್ಕ. ಸ್ವಲ್ಪ ಕೂತ್ಕೋ."

"ಕೂತ್ಕಳಕ್ಕೆ ಬಂದಿಲ್ಲ ಬಿಡಮ್ಮ," ಎಂದು ಹೂವಮ್ಮ ಒಲೆಗೆ ಕಟ್ಟಿಗೆ ತುರುಕಿದಳು.

ಅಖ್ತರ್ ಬೀ ಬೆಳಗಿನ ನಮಾಜು ಮುಗಿಸಿ ಅದೇ ಚಾಪೆಯ ಮೇಲೆ ಪಕ್ಕಕ್ಕೆ ವಾಲಿದವಳು ಮತ್ತೆ ಏಳಲಿಲ್ಲ. ಅರವತ್ತೊಂದು ವರ್ಷ. ಐದು ವರ್ಷ ನಗರಸಭೆಯ ಸದಸ್ಯೆಯಾಗಿದ್ದಳು. ಅದು ಮುಗಿದು ಎಷ್ಟೋ ಕಾಲವಾಗಿದ್ದರೂ ಬೀದಿಯ ಬಾಯಲ್ಲಿ ಅವಳು ಮೆಂಬರಮ್ಮನೇ.

ಮುಂದಿನ ಕೋಣೆಯಲ್ಲಿ ಅವಳ ಗಂಡ ಅಕ್ರಂ ನೆಲದ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕತ್ತರಿ ಹಿಡಿದು ಕೂತಿದ್ದ. ನಲವತ್ತು ವರ್ಷದಿಂದ ಟೈಲರು. ಮಸೀದಿಯಿಂದ ಬಂದವರು ಹೆಣಕ್ಕೆ ಸುತ್ತುವ ಕಫನ್ನಿನ ಬಟ್ಟೆ ತಾವೇ ಕತ್ತರಿಸುತ್ತೇವೆಂದರೂ ಕೊಟ್ಟಿರಲಿಲ್ಲ. ಪಕ್ಕದ ಮನೆಯ ವಿಮಲಮ್ಮ ಟೀಚರು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಿದ್ದರು. ಎಪ್ಪತ್ತೈದು ದಾಟಿದ ಅವರಿಗೆ ನೆಲದ ಮೇಲೆ ಕೂರುವುದು ಕಷ್ಟ, ಆದರೂ ಕೂತಿದ್ದರು.

"ಐದು ತುಂಡು," ಅಕ್ರಂ ಹೇಳಿದ. "ಗಂಡಸ್ರಿಗೆ ಮೂರು, ಹೆಂಗಸ್ರಿಗೆ ಐದು. ಇಷ್ಟು ವರ್ಷ ಅವಳ ರವಿಕೆ ಹೊಲಿದಿದೀನಿ ಟೀಚರ್. ಒಂದ್ ಸಲಾನೂ ಸರಿಯಾಗಿದೆ ಅಂದೋಳಲ್ಲ. ಇದಕ್ಕೆ ಒಂದು ಹೊಲಿಗೇನೂ ಇಲ್ಲ. ಇದಕ್ಕೇನಂತಾಳೋ."

ವಿಮಲಮ್ಮ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದರು. "ಜಮ್ಶೀದನಿಗೆ ತಿಳಿಸಿದ್ರಾ?"

"ಆಯೆಷಾ ಫೋನ್ ಮಾಡಿದ್ಲು. 'ಹ್ಞೂಂ' ಅಂದು ಇಟ್ಟನಂತೆ."

"ಬರ್ತಾನೆ."

"ಶಿವಮೊಗ್ಗ ಏನು ದೂರವಾ ಟೀಚರ್? ಬೈಕಲ್ಲಿ ಅರ್ಧ ಗಂಟೆ. ಆರು ವರ್ಷ ಆಯ್ತು, ಮಗ ಅನ್ನಿಸ್ಕೊಂಡೋನು ಈ ಹೊಸ್ತಿಲು ತುಳಿದಿಲ್ಲ." ಅಕ್ರಂ ಕತ್ತರಿ ನಡೆಸಿದ. ಕತ್ತರಿಸಿದ ಗೆರೆ ನೆಟ್ಟಗೇ ಹೋಯಿತು.

*

ಅಖ್ತರ್ ಬೀ ಹುಟ್ಟಿದ್ದು ಹೊಳೆಹೊನ್ನೂರಿನಲ್ಲಿ. ತಂದೆಗೆ ಬಸ್ ನಿಲ್ದಾಣದೆದುರು ಟೀ ಅಂಗಡಿ. ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ ಅವಳನ್ನು ಬಿಡಿಸಿ, ತಮ್ಮನನ್ನು ಶಾಲೆಗೆ ಹಾಕಿದರು. ಅವಳು ಲೋಟ ತೊಳೆಯಲು ನಿಂತಳು. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಆ ಅಂಗಡಿಯಲ್ಲೇ ಟೀ ಕುಡಿಯುತ್ತಿದ್ದರು. "ಎಲ್ಲ ಪಾರ್ಟಿ ಲೋಟಾನೂ ಒಂದೇ ಬಕೀಟಲ್ಲಿ ತೊಳೆದೋಳು ನಾನು," ಎಂದು ಮುಂದೆ ಸಭೆಯಲ್ಲಿ ಯಾರಾದರೂ ಜೋರು ಮಾಡಿದಾಗ ಅವಳು ಹೇಳುವುದಿತ್ತು.

ಮೆಂಬರ್ ಆಗಬೇಕೆಂದಿದ್ದವನು ಅಕ್ರಂ. ಅವನ ಅಂಗಡಿಯ ಬೆಂಚಿನ ಮೇಲೆ ಪೇಪರ್ ಓದಲು ಬರುತ್ತಿದ್ದ ಪಕ್ಷದವರು ಹುರಿದುಂಬಿಸಿದ್ದರು. ಆ ಸಲ ವಾರ್ಡು ಮಹಿಳೆಗೆ ಮೀಸಲಾಯಿತು. "ಹೆಂಡ್ತಿ ಹೆಸರು ಕೊಡು ಮಾರಾಯ, ಕೆಲಸ ನೀನೇ ಮಾಡು," ಎಂದರು. ಕೊಟ್ಟ. ಪೋಸ್ಟರಿನಲ್ಲಿ ಅವಳ ಫೋಟೊಗಿಂತ ಅವನ ಫೋಟೊ ದೊಡ್ಡದಾಗಿತ್ತು. ಇನ್ನೂರ ಹನ್ನೊಂದು ಮತಗಳಿಂದ ಅವಳು ಗೆದ್ದಳು.

ಮೊದಲ ಸಭೆಗೆ ಅಕ್ರಂ ತಾನೇ ಹೊಲಿದ ಹೊಸ ಸಫಾರಿ ತೊಟ್ಟು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಅಧಿಕಾರಿಯೊಬ್ಬರು ಬಂದು, "ಸದಸ್ಯರಲ್ಲದವರು ಹೊರಗಿರಬೇಕು," ಎಂದರು. ಅಕ್ರಂ ಎದ್ದು ಹೋದ. ಅಖ್ತರ್ ಬೀಯ ಮುಂದೆ ಕನ್ನಡದಲ್ಲಿ ಅಚ್ಚಾದ ನಲವತ್ತು ಪುಟಗಳ ಕಾಗದ ಉಳಿಯಿತು. ಪಕ್ಕದವರು ಕೈ ಎತ್ತಿದಾಗಲೆಲ್ಲ ಅವಳೂ ಎತ್ತಿದಳು.

ಅಂದು ಸಂಜೆ ಬುರ್ಖಾ ಕೂಡ ತೆಗೆಯದೆ ಅವಳು ವಿಮಲಮ್ಮನ ಮನೆಯ ಮೆಟ್ಟಿಲು ಹತ್ತಿದಳು.

"ಟೀಚರ್, ನಂಗೆ ಓದಕ್ಕೆ ಕಲಿಸಿಕೊಡಿ."

"ಏನು ಓದ್ಬೇಕು ಮಾರಾಯ್ತಿ ಈ ವಯಸ್ಸಲ್ಲಿ?"

"ನಾನು ಸೈನ್ ಹಾಕೋದನ್ನ."

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವಳು ಓದುತ್ತಿದ್ದಳು, ಬರೆಯುತ್ತಿದ್ದಳು. 'ಅನುಮೋದನೆ' ಎಂಬ ಪದವನ್ನು ಸ್ಲೇಟಿನ ಮೇಲೆ ಹದಿನೈದು ಸಲ ಬರೆಸಿದ್ದು ವಿಮಲಮ್ಮನಿಗೆ ಈಗಲೂ ನೆನಪಿತ್ತು. ನೀರಿನ ಪೈಪು ತಮ್ಮ ಬೀದಿಯ ಮೂಲೆಗೇ ಯಾಕೆ ನಿಂತಿದೆ ಎಂದು ಅವಳು ಸಭೆಯಲ್ಲಿ ಎದ್ದು ಕೇಳಿದ್ದು ಮೂರನೇ ವರ್ಷ. ಮೊದಮೊದಲು ಮುನಿಸಿಕೊಂಡಿದ್ದ ಅಕ್ರಂ ಆಮೇಲೆ ಹೊಲಿಗೆ ಮಷಿನ್ನಿಗೆ ವಾಪಸಾದ. ಅರ್ಜಿ ಹಿಡಿದು ಬಂದವರಿಗೆ ಅವನೇ ಬೆಂಚು ಒರೆಸಿ, "ಕೂತ್ಕೊಳ್ಳಿ, ಬರ್ತಾಳೆ," ಅನ್ನುತ್ತಿದ್ದ.

*

ಜಮ್ಶೀದ್ ಬಂದಾಗ ಹನ್ನೊಂದು ಗಂಟೆ. ಬೈಕನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, ಎದುರು ಮನೆಯ ಕಲ್ಲುಕಟ್ಟೆಯ ಮೇಲೆ ಕೂತ. ಮೂವತ್ತಾರು ವರ್ಷದ ಗಟ್ಟಿಮುಟ್ಟಾದ ಆಳು. ಶಿವಮೊಗ್ಗದ ಗೋಪಾಳದಲ್ಲಿ ಕಾರು ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದ. ಬಂದವರು ಹೆಗಲು ಮುಟ್ಟಿದರು, ಕೈ ಹಿಡಿದರು. ಅವನು ತಲೆಯಾಡಿಸಿದ, ಒಳಗೆ ಮಾತ್ರ ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಕಾರೊಂದು ಬಂದು ನಿಂತಿತು. ಅಖ್ತರ್ ಬೀ ಸದಸ್ಯೆಯಾಗಿದ್ದಾಗ ನಗರಸಭೆಯ ಅಧ್ಯಕ್ಷನಾಗಿದ್ದ ದುಶ್ಯಂತ್ ದೊಡ್ಡದೊಂದು ಚೆಂಡುಹೂವಿನ ಹಾರ ಹಿಡಿದು ಇಳಿದ. ಹಾರ ಹಾಕುವ ಪದ್ಧತಿ ಈ ಮನೆಯಲ್ಲಿಲ್ಲವೆಂದು ಯಾರೋ ಕಿವಿಯಲ್ಲಿ ಹೇಳಿದರು. ಅದನ್ನೇನು ಮಾಡುವುದೆಂದು ತಿಳಿಯದೆ ತೋಳಿಗೆ ಹಾಕಿಕೊಂಡೇ ಕಟ್ಟೆಯ ಹತ್ತಿರ ಬಂದ.

"ಎಂಥ ಹೆಂಗಸು ಮಾರಾಯ ನಿಮ್ಮಮ್ಮ! ಅಂಥ ಪ್ರಾಮಾಣಿಕತೆ ಈಗ ಎಲ್ಲಿದೆ ಹೇಳು."

"ಮತ್ತೆ ಆಮೇಲೆ ಟಿಕೆಟ್ ಯಾಕೆ ಕೊಡ್ಲಿಲ್ಲ ಸಾರ್?"

ದುಶ್ಯಂತ್ ತಬ್ಬಿಬ್ಬಾದ. ಅದಕ್ಕಿಂತ ಹೆಚ್ಚು ತಬ್ಬಿಬ್ಬಾದವನು ಜಮ್ಶೀದ್. ಆ ಪ್ರಶ್ನೆ ತನ್ನೊಳಗೆ ಇದ್ದದ್ದೇ ಅವನಿಗೆ ಗೊತ್ತಿರಲಿಲ್ಲ.

"ಅದು ಪಾರ್ಟಿ ತೀರ್ಮಾನ ಮಾರಾಯ. ಸಭೇಲಿ ನಿಂತು ತಪ್ಪು ಮಾಡಿದೀನಿ ಅಂತ ತಾನೇ ಒಪ್ಕೊಂಡೋರಿಗೆ ಓಟು ಕೇಳೋದು ಹೆಂಗೆ? ನಾನು ಆವತ್ತೇ ಹೇಳ್ದೆ, ಸುಮ್ನಿರಿ ಅಮ್ಮ ಅಂತ." ದುಶ್ಯಂತ್ ಹಾರವನ್ನು ಕಟ್ಟೆಯ ತುದಿಗಿಟ್ಟು, ಅಕ್ರಂನನ್ನು ಮಾತಾಡಿಸಲು ಒಳಗೆ ಹೋದ.

*

ಅವಳ ಅವಧಿಯ ಕೊನೆಯ ವರ್ಷ, ಊರಾಚೆಯ ಬಡಾವಣೆಯಲ್ಲಿ ಮನೆಯಿಲ್ಲದವರಿಗೆಂದು ಕಟ್ಟಿದ ಮನೆಗಳಲ್ಲಿ ಹತ್ತು ಅವಳ ವಾರ್ಡಿಗೆ ಬಂದವು. ಹತ್ತು ಹೆಸರುಗಳನ್ನು ಅಖ್ತರ್ ಬೀಯೇ ಬರೆದಳು. ನಾಲ್ಕನೆಯದು ಹೂವಮ್ಮ. ಬೀದಿ ಗುಡಿಸುವ ಕೆಲಸ, ಗಂಡ ತೀರಿಕೊಂಡಿದ್ದ, ನಾಲೆಯ ಏರಿಯ ಮೇಲೆ ಟಾರ್ಪಾಲಿನ ಗುಡಿಸಲು. ಹಿಂದಿನ ಎರಡು ಸಲವೂ ಅವಳಿಗೆ ಮನೆ ತಪ್ಪಿತ್ತು.

ಆಗ ಜಮ್ಶೀದ್ ಇನ್ನೊಬ್ಬರ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ. ಇರುವ ಎರಡು ಕೋಣೆಗಳಲ್ಲಿ ಒಂದಕ್ಕೆ ಸೀರೆಯ ಪರದೆ ಕಟ್ಟಿ ಅವನು, ಹೆಂಡತಿ ಅತೀಕಾ, ಆರು ತಿಂಗಳ ಹಸ್ನೈನ್. ಮಗು ಸೆಕೆಗೆ ಅಳುತ್ತಿತ್ತು. ಮಗುವಿನ ಅಳು ಇಡೀ ಮನೆಗೆ ಕೇಳಬಾರದೆಂದು ಅತೀಕಾ ಅದನ್ನೆತ್ತಿಕೊಂಡು ಹಿತ್ತಲಲ್ಲಿ ಓಡಾಡುವುದನ್ನು ಅಖ್ತರ್ ಬೀ ದಿನವೂ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಆ ಅಳು ಕೇಳುತ್ತಿರುವಾಗಲೇ ಅವಳು ಪಟ್ಟಿಯನ್ನು ಹೊರತೆಗೆದು, ನಾಲ್ಕನೇ ಹೆಸರನ್ನು ಹೊಡೆದು, ಮೇಲೆ ಮಗನ ಹೆಸರು ಬರೆದಳು. ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಮಾರನೇ ದಿನವೇ ಜಮ್ಶೀದ್ ಅತೀಕಾಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಮನೆ ತೋರಿಸಿ ಬಂದ. ಮಾವನ ಮನೆಯವರಿಗೆಲ್ಲ ಫೋನು ಹೋಯಿತು.

ತಿಂಗಳು ಕಳೆದಿತ್ತು. ಪೋಲಿಯೊ ಹನಿಯ ದಿನ ಅಖ್ತರ್ ಬೀ ನಾಲೆಯ ಏರಿಗೆ ಹೋದಾಗ ಹೂವಮ್ಮ ಎದುರಾದಳು. ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂಬುದು ಅವಳಿಗೆ ಹೇಗೋ ತಿಳಿದಿತ್ತು.

"ಈ ಸಲಾನೂ ಇಲ್ವಂತಲ್ಲ ಅಕ್ಕ. ಹೋಗ್ಲಿ ಬಿಡು. ನೀನು ಹಾಕಿರ್ತೀಯ, ಮೇಲಿನೋರು ತೆಗೆದಿರ್ತಾರೆ."

ಅಷ್ಟು ಹೇಳಿ, ಬಿಸಿಲಲ್ಲಿ ಬಂದಿದ್ದೀಯಲ್ಲ ಎಂದು ಮಜ್ಜಿಗೆ ಕೊಟ್ಟಳು. ಅಖ್ತರ್ ಬೀ ಲೋಟವನ್ನು ಕೈಯಲ್ಲಿ ಹಿಡಿದು ನಿಂತಳು. ಕುಡಿಯಲಾಗಲಿಲ್ಲ.

ಪಟ್ಟಿಗೆ ಒಪ್ಪಿಗೆ ಪಡೆಯುವ ಸಭೆ ಮೂರು ದಿನಕ್ಕಿತ್ತು. ಆ ಮೂರು ದಿನವೂ ಅವಳು ಮನೆಯಲ್ಲಿ ಏನೂ ಹೇಳಲಿಲ್ಲ. ಸಭೆಯಲ್ಲಿ ತನ್ನ ವಾರ್ಡಿನ ಸರದಿ ಬಂದಾಗ ಎದ್ದು ನಿಂತಳು.

"ಅಧ್ಯಕ್ಷರೇ, ನನ್ನ ವಾರ್ಡಿನ ಪಟ್ಟೀಲಿ ನಾಲ್ಕನೇ ಹೆಸರು ತಪ್ಪು. ಅದು ನನ್ನ ಮಗಂದು. ಮೇಲಿನೋರು ಯಾರೂ ಹಾಕಿಲ್ಲ, ನಾನೇ ಹಾಕಿದ್ದು. ಹೂವಮ್ಮನ ಹೆಸರು ಹೊಡೆದಿದ್ದೂ ನಾನೇ. ಅದನ್ನ ಸರಿ ಮಾಡಿ, ಆಮೇಲೆ ಮುಂದಿನ ವಿಷಯ ತಗೊಳ್ಳಿ."

ದುಶ್ಯಂತ್ ಮೈಕಿಗೆ ಕೈ ಅಡ್ಡ ಹಿಡಿದು, "ಕೂತ್ಕೊಳ್ಳಿ ಅಮ್ಮ, ಒಳಗೊಳಗೇ ಸರಿ ಮಾಡೋಣ," ಎಂದ.

"ಒಳಗೊಳಗೇ ಮಾಡಿದ್ದಕ್ಕೇ ತಪ್ಪಾಗಿದ್ದು ಸಾರ್," ಎಂದಳು ಅವಳು.

ಮಾರನೇ ದಿನ ಸುದ್ದಿ ಪೇಪರಿನಲ್ಲಿ ಬಂತು. ಜಮ್ಶೀದ್ ಅದನ್ನು ಓದಿದ್ದು ಗ್ಯಾರೇಜಿನ ಪಕ್ಕದ ಟೀ ಅಂಗಡಿಯಲ್ಲಿ. ಅಲ್ಲ, ಇನ್ನೊಬ್ಬರು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡದ್ದು. ಅವತ್ತಿನಿಂದ ಅಲ್ಲಿಯವರು ಅವನನ್ನು 'ನಾಲ್ಕನೇ ನಂಬರ್' ಎಂದು ಕರೆಯತೊಡಗಿದರು.

"ಹಾಕುವಾಗಲೂ ನನ್ನ ಕೇಳ್ಲಿಲ್ಲ, ತೆಗೆಯುವಾಗಲೂ ಕೇಳ್ಲಿಲ್ಲ," ಎಂದು ಅವನು ತಾಯಿಯ ಮುಂದೆ ನಿಂತು ಕೂಗಿದ. "ನಾನೇನು ನಿನ್ ಮಗನಾ ಅಮ್ಮಿ, ಪಟ್ಟೀಲಿರೋ ಹೆಸರಾ?"

ಒಂದು ವಾರದಲ್ಲಿ ಅವನು ಹೆಂಡತಿ ಮಗುವನ್ನು ಕರೆದುಕೊಂಡು ಗೋಪಾಳದ ಬಾಡಿಗೆ ಮನೆಗೆ ಹೋದ.

*

ಹೂವಮ್ಮ ಸ್ಟೀಲ್ ಲೋಟದಲ್ಲಿ ಟೀ ತಂದು ಕಟ್ಟೆಯ ಮೇಲಿಟ್ಟಳು. "ಕುಡಿಯಪ್ಪ. ಬೆಳಗಿಂದ ಏನೂ ತಿಂದಿರಲ್ಲ ನೀನು."

"ಬೇಡಮ್ಮ. ನೀವು ಯಾರು ಗೊತ್ತಾಗ್ಲಿಲ್ಲ."

"ನಾನು ಹೂವಮ್ಮ."

ಜಮ್ಶೀದ್ ಆರು ವರ್ಷದಿಂದ ಆ ಹೆಸರನ್ನು ಬಲ್ಲ. ಮುಖವನ್ನು ನೋಡಿದ್ದು ಈಗಲೇ. ಬಿಳಿಗೂದಲ, ಸಣ್ಣ ಮೈಯ, ಕೈತುಂಬ ಒಲೆಯ ಬೂದಿ ಮೆತ್ತಿದ್ದ ಹೆಂಗಸು. ಅವನು ಬೇರೆ ಕಡೆ ತಿರುಗಿದ. ಹೂವಮ್ಮ ಹೋಗಲಿಲ್ಲ. ಕಟ್ಟೆಯ ಕೆಳಗೆ ಕುಕ್ಕುರುಗಾಲಲ್ಲಿ ಕೂತಳು.

"ಮೆಂಬರಮ್ಮ ತಿಂಗಳಿಗೊಂದ್ಸಲ ನಮ್ಮನೇಗೆ ಬರೋರು ಕಣಪ್ಪ. ಮೊದಲ ಸಲ ಬಂದಾಗ ಹೆದರ್ಕಂಡಿದ್ದೆ, ಮನೆ ವಾಪಸ್ ಕೇಳಕ್ಕೆ ಬಂದ್ರೇನೋ ಅಂತ. ಬಂದೋರು ತಲೆ ಮೇಲೆತ್ತಿ ನೋಡ್ತಾ ನಿಂತ್ರು. ಅಲ್ಲಿ ಸೂರಿಗೆ ಒಂದು ಕಬ್ಬಿಣದ ಕೊಕ್ಕೆ ಐತೆ. 'ನನ್ ಮಗ ಇಲ್ಲಿ ತೊಟ್ಟಿಲು ಕಟ್ತೀನಿ ಅಂತಿದ್ದ' ಅಂದ್ರು."

ಜಮ್ಶೀದ್ ಅವಳತ್ತ ತಿರುಗಿದ. ಆ ಕೊಕ್ಕೆಯನ್ನು ಅತೀಕಾಳಿಗೆ ತೋರಿಸಿದ್ದು ಅವನೇ. ಅದನ್ನು ಅಮ್ಮಿಗೆ ಹೇಳಿದ್ದು ಮರೆತಿತ್ತು.

"ಒಂದಿನ ಕೇಳೇಬಿಟ್ಟೆ. 'ಇಷ್ಟು ಸಂಕಟ ಇಟ್ಕಂಡು ಯಾಕ್ ಕೊಟ್ಟೆ ಅಕ್ಕ?' ಅಂತ. 'ಕೊಟ್ಟಿದ್ದಕ್ಕೆ ಸಂಕಟ ಇಲ್ಲ ಹೂವಿ. ಅವನಿಗೆ ಮೊದಲು ಹೇಳ್ಬೇಕಿತ್ತು. ಹೇಳಿದ್ರೆ ಅವನ ಮುಖ ನೋಡಿ ನನ್ ಧೈರ್ಯ ಹೋಗಿಬಿಡ್ತಿತ್ತು. ಊರೆದುರು ನಿಲ್ಲೋ ಧೈರ್ಯ ಇತ್ತು, ಮಗನೆದುರು ಇರ್ಲಿಲ್ಲ' ಅಂದ್ರು." ಹೂವಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ನಿಂಗೆ ಹೇಳ್ಬೇಕು ಅಂತ ನನಗೇನೂ ಹೇಳಿರ್ಲಿಲ್ಲ. ನಾನೇ ಹೇಳ್ತಿದೀನಿ. ಟೀ ಆರ್ತೈತೆ, ಕುಡಿ."

ಅವಳು ಎದ್ದು ಹೋದಳು. ಜಮ್ಶೀದ್ ಲೋಟ ಎತ್ತಿಕೊಂಡ.

ಎರಡು ವರ್ಷದ ಹಿಂದೆ ಅಮ್ಮಿ ಒಬ್ಬಳೇ ಬಸ್ಸು ಹತ್ತಿ ಗೋಪಾಳಕ್ಕೆ ಬಂದಿದ್ದಳು. ಅವನು ಕಾರಿನಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದ. "ಜಮ್ಶೂ" ಎಂದದ್ದು ಕೇಳಿಸಿತು. ಹೊರಗೆ ಬರಲಿಲ್ಲ. ಕಾರಿನಡಿಯಿಂದ ಅವನಿಗೆ ಕಾಣುತ್ತಿದ್ದುದು ಅವಳ ರಬ್ಬರ್ ಚಪ್ಪಲಿಗಳು, ಬುರ್ಖಾದ ಧೂಳು ಮೆತ್ತಿದ ಅಂಚು. ಅವಳಿಗೆ ಕಾಣುತ್ತಿದ್ದುದು ಹೊರಗೆ ಚಾಚಿದ್ದ ಅವನ ಎರಡು ಕಾಲು. ಕಾಲು ಗಂಟೆ ಅವಳು ಹಾಗೇ ನಿಂತಿದ್ದಳು. ನಟ್ಟು ಯಾವಾಗಲೋ ಬಿಗಿಯಾಗಿತ್ತು. ಸದ್ದಾಗಲೆಂದು ಅವನು ಸ್ಪ್ಯಾನರ್ ತಿರುಗಿಸುತ್ತಲೇ ಇದ್ದ. "ಡಬ್ಬಿ ಇಲ್ಲಿಡ್ತೀನಿ. ತಿನ್ನು," ಎಂದಳು. ಚಪ್ಪಲಿಗಳು ತಿರುಗಿ, ರಸ್ತೆಯ ಕಡೆ ಹೋದವು.

"ಜಮ್ಶೀದ್." ಆಯೆಷಾ ಬಾಗಿಲಲ್ಲಿ ನಿಂತಿದ್ದಳು. ಅತ್ತು ಕಣ್ಣು ಊದಿತ್ತು. "ಮೀಸಿ ಆಯ್ತು. ಮುಖ ಮುಚ್ಚೋಕೆ ಮುಂಚೆ ಬಾ."

"ಆಪಾ, ನಾನು..."

"ಬಾರೋ."

ಅವನು ಬೀದಿ ದಾಟಿದ. ಹೊಸ್ತಿಲ ಬಳಿ ಒಂದು ಗಳಿಗೆ ನಿಂತ, ಒಳಗೆ ಕಾಲಿಟ್ಟ. ಕರ್ಪೂರದ ವಾಸನೆ. ಐದು ತುಂಡು ಬಿಳಿ ಬಟ್ಟೆಯೊಳಗೆ ಅಮ್ಮಿ ಅವನು ನೆನೆದುಕೊಂಡಿದ್ದಕ್ಕಿಂತ ಚಿಕ್ಕವಳಾಗಿದ್ದಳು. ತಲೆಯ ಹತ್ತಿರ ಅಕ್ರಂ ಕೂತಿದ್ದ.

"ಮಾಫಿ ಕೇಳ್ಕೋ," ಎಂದ ಅಕ್ರಂ. ಮತ್ತೆ ಸ್ವಲ್ಪ ತಡೆದು, "ಇಲ್ಲಾ, ಕೊಡು. ಎರಡರಲ್ಲಿ ಯಾವುದು ಅಂತ ನಂಗೂ ಗೊತ್ತಿಲ್ಲಪ್ಪ," ಎಂದ.

ಜಮ್ಶೀದ್ ಮಂಡಿಯೂರಿದ. ತುಟಿ ಅಲ್ಲಾಡಿತು. ಅವನು ಕೇಳಿದನೋ ಕೊಟ್ಟನೋ ಯಾರಿಗೂ ಕೇಳಿಸಲಿಲ್ಲ.

*

ಇಳಿಮಧ್ಯಾಹ್ನದ ನಮಾಜಿಗೆ ಮುಂಚೆ ಜನಾಜಾ ಮಸೀದಿಗೆ ಹೊರಟಿತು. ನಮಾಜಾದ ಮೇಲೆ ಖಬರಸ್ತಾನಕ್ಕೆ ಒಯ್ದರು. ಒಳಗೆ ಗಂಡಸರು. ಹೆಂಗಸರು ಬರುವ ರೂಢಿಯಿಲ್ಲ. ಆದರೂ ವಿಮಲಮ್ಮ, ಹೂವಮ್ಮ, ಬೀದಿಯ ಇನ್ನೂ ಹತ್ತೆಂಟು ಹೆಂಗಸರು ಕಾಂಪೌಂಡಿನಾಚೆ ರಸ್ತೆಯ ಅಂಚಿಗೆ ನಿಂತಿದ್ದರು. ಬಸ್ಸುಗಳು ಹಾರ್ನ್ ಹಾಕಿ ಅವರನ್ನು ಸುತ್ತಿಕೊಂಡು ಹೋದವು.

"ಒಳಗೆ ಇಳಿಯೋರು ಯಾರು?" ಎಂದು ಗೋರಿ ತೋಡಿದವನು ಕೇಳಿದ. ಹೆಂಗಸಿನ ದೇಹವನ್ನು ಇಳಿಸಿಕೊಳ್ಳಬೇಕಾದವರು ರಕ್ತಸಂಬಂಧಿಗಳು. ಹೊಳೆಹೊನ್ನೂರಿನಿಂದ ಬಂದಿದ್ದ ಅವಳ ತಮ್ಮ ಮುಂದೆ ಬಂದ. ಇನ್ನೊಬ್ಬರು ಬೇಕಿತ್ತು. ಎಲ್ಲರೂ ಎಲ್ಲೋ ನೋಡಿದರು; ಜಮ್ಶೀದನನ್ನು ನೋಡಲಿಲ್ಲ.

ಅವನು ಶೂ ಬಿಚ್ಚಿ, ಪ್ಯಾಂಟು ಮಡಚಿ ಇಳಿದ. ಮೇಲೆ ಚಾದರ ಅಡ್ಡ ಹಿಡಿದರು. ಮಣ್ಣು ತಣ್ಣಗಿತ್ತು. ಮೇಲಿನಿಂದ ಬಂದ ಭಾರವನ್ನು ಎರಡೂ ತೋಳು ಚಾಚಿ ತೆಗೆದುಕೊಂಡ. ದಿನವೂ ಗೇರ್ ಬಾಕ್ಸ್ ಎತ್ತಿಳಿಸುವ ತೋಳುಗಳು. ಅಷ್ಟೂ ಭಾರವಿರಲಿಲ್ಲ ಅವಳು. ಸೋದರಮಾವ ಹೇಳಿಕೊಟ್ಟಂತೆ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿದ. ಹೆಗಲ ಕೆಳಗೊಂದು ಕಲ್ಲು ಒತ್ತುತ್ತಿತ್ತು. ಅದನ್ನು ಬೆರಳಿಂದ ಕೆದಕಿ ತೆಗೆದು, ಅಲ್ಲಿ ಅಂಗೈಯಿಂದ ಮಣ್ಣನ್ನು ಮೆತ್ತಗೆ ಸಮ ಮಾಡಿದ.

"ಸಾಕು, ಬಾ ಜಮ್ಶೂ," ಎಂದ ಸೋದರಮಾವ.

"ಒಂದು ನಿಮಿಷ ಮಾಮೂ," ಎಂದ ಅವನು. ಇನ್ನೊಂದು ಕಲ್ಲು ಸಿಕ್ಕಿತ್ತು.

*

ಬಂದವರೆಲ್ಲ ಹೋಗಿ, ಬಾಡಿಗೆ ಕುರ್ಚಿಗಳನ್ನು ಮಡಚಿಡುತ್ತಿದ್ದರು. ಇನ್ನೂ ಬೆಳಕಿತ್ತು. ಜಮ್ಶೀದ್ ಮನೆಯ ಮುಂದಿನ ಬೆಂಚಿನ ಮೇಲೆ ಕೂತಿದ್ದ. ಕೈ ತೊಳೆದುಕೊಂಡಿದ್ದರೂ ಉಗುರಿನೊಳಗೆ ಮಣ್ಣು ಉಳಿದಿತ್ತು. ಮುದುಕಿಯೊಬ್ಬಳು ಕೋಲೂರಿಕೊಂಡು ಬೀದಿಗೆ ತಿರುಗಿ, ಒಂದೊಂದೇ ಮನೆಯನ್ನು ನೋಡುತ್ತ ಬಂದು ಅವನೆದುರು ನಿಂತಳು.

"ಮೆಂಬರಮ್ಮನ ಮನೆ ಇದೇ ಏನಪ್ಪ?"

"ಹೌದಮ್ಮ."

"ನಾನು ಮಾಸ್ತಮ್ಮ ಅಂತ. ಹೊಳೆ ಆಚೆಯಿಂದ ಬಂದಿದೀನಿ. ಮೂರು ತಿಂಗಳಾಯ್ತು, ರೇಷನ್ ಅಕ್ಕಿ ಕೊಡ್ತಿಲ್ಲ. ಕೇಳಿದ್ರೆ ಕಂಪ್ಯೂಟ್ರಲ್ಲಿ ನಾನು ಸತ್ತೋಗಿದೀನಿ ಅಂತ ಐತಂತೆ. ಬದುಕಿದೀನಿ ಅಂತ ಅರ್ಜಿ ಕೊಡು ಅಂದ್ರು. ಮೆಂಬರಮ್ಮ ಬರ್ಕೊಡ್ತಾರೆ ಅಂತ ಯಾರೋ ಹೇಳಿದ್ರು. ಇದಾರಾ?"

ಬಾಗಿಲಲ್ಲಿದ್ದ ಆಯೆಷಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಸರಿದಳು. ಜಮ್ಶೀದ್ ಮುದುಕಿಯನ್ನೇ ನೋಡಿದ. ಅವಳ ಬರಿಗಾಲು ಧೂಳಾಗಿತ್ತು.

"ಕೂತ್ಕೊಳ್ಳಿ," ಎಂದು ಬೆಂಚಿನ ಮೇಲೆ ಜಾಗ ಬಿಟ್ಟ.

ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು, ಕೆಳಗಿಡಲು ಹಳೆಯ ಕ್ಯಾಲೆಂಡರಿನ ರಟ್ಟು ತಂದ. ಅರ್ಜಿ ಬರೆದು ಅವನಿಗೆ ಅಭ್ಯಾಸವಿರಲಿಲ್ಲ. 'ಇವರಿಗೆ' ಎಂದು ಬರೆದು ಜಾಗ ಬಿಟ್ಟ. ಅವಳ ಹೆಸರು, ಗಂಡನ ಹೆಸರು, ವಿಳಾಸ, ಕಾರ್ಡಿನ ನಂಬರು ಕೇಳಿ ಬರೆದುಕೊಂಡ. ಆಮೇಲೆ ಬಹಳ ಹೊತ್ತು ಯೋಚಿಸಿ ಒಂದು ಸಾಲು ಬರೆದ.

"ಏನಂತ ಬರೆದ್ಯಪ್ಪ? ಓದು."

"'ಮೇಲ್ಕಂಡ ವಿಳಾಸದಲ್ಲಿ ವಾಸವಾಗಿರುವ ನಾನು ಬದುಕಿದ್ದೇನೆ ಎಂದು ತಮ್ಮಲ್ಲಿ ತಿಳಿಸಿಕೊಳ್ಳುತ್ತೇನೆ.'"

"ಕಿವಿ ಮಂದ ನಂಗೆ. ಇನ್ನೊಂದ್ಸಲ ಗಟ್ಟಿಯಾಗಿ ಓದು."

ಅವನು ಗಟ್ಟಿಯಾಗಿ ಓದಿದ. ಒಳಗೆ ಹೊಲಿಗೆ ಮಷಿನ್ನಿಗೆ ಒರಗಿ ಕೂತಿದ್ದ ಅಕ್ರಂ ತಲೆಯೆತ್ತಿದ. ಕುರ್ಚಿ ಮಡಚುತ್ತಿದ್ದವರೂ ಒಂದು ಗಳಿಗೆ ನಿಂತರು.

ಮಾಸ್ತಮ್ಮ ಸಮಾಧಾನದಿಂದ ತಲೆಯಾಡಿಸಿ, ಎಡಗೈಯ ಹೆಬ್ಬೆರಳನ್ನು ಮುಂದೆ ಚಾಚಿದಳು. ಇಂಕ್ ಪ್ಯಾಡ್ ಎಲ್ಲಿದೆಯೋ ಅವನಿಗೆ ತಿಳಿಯದು. ಅವನು ಆ ಒರಟು ಬೆರಳನ್ನು ತನ್ನ ಮಣ್ಣಿನ ಉಗುರುಗಳ ಕೈಯಲ್ಲಿ ಹಿಡಿದು, ಪೆನ್ನಿನ ಮೊನೆಯಿಂದ ನೋವಾಗದ ಹಾಗೆ ಒಂದೊಂದೇ ಗೆರೆ ಎಳೆಯುತ್ತ, ನೀಲಿ ಮಸಿ ತುಂಬತೊಡಗಿದ.